ತಿರುವಲ್ಲಿ ಗರಗರ, ಸ್ಟೇರಿಂಗಲ್ಲಿ ನಡುಕ: ಆಕ್ಸಲ್ ಬಿಚ್ಚಿಸುವ ಮುಂಚೆ

ತೀರ್ಥಹಳ್ಳಿ ಕಡೆಯವರೊಬ್ಬರು ಕೇಳಿದ್ದು ಇಷ್ಟು. ಹತ್ತು ವರ್ಷದ ಸಣ್ಣ ಕಾರು, 80,000 ಕಿ.ಮೀ. ಓಡಿದೆ. ಈ ಸಲದ ಮಳೆಗಾಲ ಮುಗಿದ ಮೇಲೆ, ಸ್ವಲ್ಪ ಸ್ಪೀಡಲ್ಲಿ ಬಲಕ್ಕೆ ತಿರುಗುವಾಗ ಗರಗರ ಸದ್ದು, ಸ್ಟೇರಿಂಗ್ ಹಿಡಿದ ಕೈಗೆ ನಡುಕ. ಎಡ ತಿರುವಲ್ಲಿ ಸದ್ದು ಹೆಚ್ಚುಕಮ್ಮಿ ನಿಲ್ಲುತ್ತದೆ. ಗ್ಯಾರೇಜಿನವರು ಎರಡೂ ಕಡೆ ಆಕ್ಸಲ್ (ಗೇರ್ ಬಾಕ್ಸಿನಿಂದ ಚಕ್ರ ತಿರುಗಿಸುವ ದಂಡ) ಬದಲಿಸಬೇಕು, 14,000 ಆಗುತ್ತದೆ ಅಂದಿದ್ದಾರೆ. ಮುಂದಿನ ವಾರ ಉಡುಪಿಯಲ್ಲಿ ಮದುವೆ, ಆಗುಂಬೆ ಘಾಟಿ ಇಳಿಯಬಹುದಾ?

ಮಾರಾಯ್ರೆ, ಆ 14,000 ಈಗಲೇ ಕೊಡಬೇಡಿ. ನೀವು ಬರೆದದ್ದು ಓದಿದರೆ ನನಗೆ ಅನುಮಾನ ಬರುವುದು ಆಕ್ಸಲ್ ಮೇಲೆ ಅಲ್ಲ, ಎಡಗಡೆ ಮುಂದಿನ ವೀಲ್ ಬೇರಿಂಗ್ ಮೇಲೆ, ಅಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಕೂರಿಸಿದ ಬಳೆಯಂಥದ್ದರ ಮೇಲೆ. ಹೌದು, ಎಡಗಡೆಯದ್ದೇ. ಬಲಕ್ಕೆ ತಿರುಗಿದಾಗ ಸದ್ದು ಬರುತ್ತದೆ ಅಂದರೆ ತೊಂದರೆಯೂ ಬಲಗಡೆಯೇ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ, ಅದಕ್ಕೆ ದುಡ್ಡೂ ತೆತ್ತಿದ್ದೇನೆ.

ನನ್ನದು ಉಲ್ಟಾ ಆಗಿತ್ತು. ಎಡ ತಿರುವಲ್ಲಿ ಗುಂಯ್ ಅನ್ನುತ್ತಿತ್ತು. ಎಡಗಡೆ ಬೇರಿಂಗ್ ಹೋಗಿದೆ ಅಂತ ನಾನೇ ಹೇಳಿದೆ, ಗ್ಯಾರೇಜಿನವರೂ ಹೂಂ ಅಂದು ಬದಲಿಸಿ ಕೊಟ್ಟರು. ವಾಪಸ್ ಬರುವಾಗ ಮಂಡಗದ್ದೆ ದಾಟುವುದರೊಳಗೆ ಅದೇ ಸದ್ದು, ಅದೇ ತಿರುವು. ಆಮೇಲೆ ಹಳೇ ಮೆಕ್ಯಾನಿಕ್ ಒಬ್ಬರು ಬಿಡಿಸಿ ಹೇಳಿದರು. ಕಾರು ಎಡಕ್ಕೆ ತಿರುಗಿದರೆ ಅದರ ಭಾರ ಬಲಕ್ಕೆ ವಾಲುತ್ತದೆ. ಬಸ್ಸಲ್ಲಿ ನಿಂತಾಗ ನಾವು ವಾಲುವುದಿಲ್ವಾ, ಹಾಗೆ. ಭಾರ ಬಿದ್ದ ಕಡೆಯ ಬೇರಿಂಗ್ ಸವೆದಿದ್ದರೆ ಅದು ಕೂಗುತ್ತದೆ, ಭಾರ ಇಳಿದಾಗ ಸುಮ್ಮನಾಗುತ್ತದೆ. ಅಲ್ಲಿಗೆ ನನ್ನದು ಬಲಗಡೆಯದ್ದು. ಕಾರಿನ ಒಳಗೆ ಕೂತವರ ಕಿವಿಯನ್ನು ಈ ವಿಷಯದಲ್ಲಿ ನಂಬಲೇಬಾರದು, ಸದ್ದು ತಗಡಿನಲ್ಲಿ ಓಡಾಡಿ ಎಲ್ಲಿಂದಲೋ ಕೇಳಿಸುತ್ತದೆ.

ಬೇರಿಂಗ್ ಸದ್ದು ಸ್ಪೀಡಿನ ಜೊತೆ ಏರುತ್ತದೆ, ಇಳಿಯುತ್ತದೆ. ಕ್ಲಚ್ ಒತ್ತಿದರೂ ನಿಲ್ಲುವುದಿಲ್ಲ. ಹಾಗಾಗಿ ಘಾಟಿಯ ಹೇರ್‌ಪಿನ್ ತಿರುವಲ್ಲಿ ಇದನ್ನು ಪತ್ತೆ ಮಾಡುವುದು ಕಷ್ಟ, ಅಲ್ಲಿ ನಾವು ಹೋಗುವುದೇ ಇಪ್ಪತ್ತರಲ್ಲಿ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ತುಂಗೆ ಪಕ್ಕದಲ್ಲಿ ಬರುವ ಉದ್ದನೆಯ ತಿರುವುಗಳಿವೆಯಲ್ಲ, ಅಲ್ಲಿ ಬೆಳಿಗ್ಗೆ ಬೇಗ, ಗಾಡಿ ಕಮ್ಮಿ ಇರುವಾಗ, ಕಿಟಕಿ ಇಳಿಸಿ 50ರಲ್ಲಿ ಹೋಗಿ ನೋಡಿ. ಬಲ ತಿರುವಲ್ಲಿ ಏರಿ ಎಡ ತಿರುವಲ್ಲಿ ಇಳಿದರೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ.

ಉಳಿದ ಕಾಲು ಪಾಲಿಗೆ ಜಾಕ್ ಬೇಕು. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಮುಂದಿನ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಕಟಕ್ ಅಂತ ಆಟ, ಅಂದರೆ ಸಡಿಲ, ಸಿಕ್ಕರೆ ಹೋಗಿರುವುದು ಬೇರಿಂಗ್, ಇಲ್ಲವೇ ಲೋವರ್ ಆರ್ಮಿನ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿಂದ ಹಿಡಿದಿರುವ ಕೀಲು). ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಸ್ಟೇರಿಂಗಿನ ಟೈ ರಾಡ್ (ಚಕ್ರವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಸರಳು) ಕಡೆ ನೋಡಬೇಕು. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗ್ ಕೆಟ್ಟಿದ್ದರೆ ಬೀಸುವ ಕಲ್ಲು ತಿರುಗಿಸಿದ ಹಾಗೆ ಆ ಸ್ಪ್ರಿಂಗಲ್ಲೇ ಕೈಗೆ ಗೊತ್ತಾಗುತ್ತದೆ. ಆಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಸರಿ ಇದೆ ಅಂತಲ್ಲ, ನನ್ನದರಲ್ಲಿ ಆಟ ಒಂಚೂರೂ ಇರಲಿಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಮಾತ್ರ ಹೋಗಬೇಡಿ.

ಆಕ್ಸಲ್ ಹೋದರೆ ಸದ್ದೇ ಬೇರೆ. ನಮ್ಮ ಭಾವನ ಕಾರಿನಲ್ಲಿ ಆಗಿತ್ತು. ತೋಟದ ದಾರಿಯಲ್ಲಿ ಯಾವುದೋ ಕೋಲು ಚುಚ್ಚಿ ಆಕ್ಸಲ್ ತುದಿಯ ರಬ್ಬರ್ ಬೂಟ್, ಅಂದರೆ ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ, ಹರಿದಿತ್ತು. ಒಳಗಿನ ಗ್ರೀಸ್ ಎಲ್ಲ ಎರಚಿ ಹೋಗಿ, ಆ ಜಾಗಕ್ಕೆ ಕೆಸರು ಸೇರಿ, ಸಿ.ವಿ. ಜಾಯಿಂಟ್ (ಆಕ್ಸಲ್ ತುದಿಯ ಕೀಲು) ತಿಂದುಹೋಯಿತು. ಅದು ಗರಗರ ಅನ್ನುವುದಿಲ್ಲ, ಟಕ್ ಟಕ್ ಟಕ್ ಅನ್ನುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿ. ಖಾಲಿ ಮೈದಾನದಲ್ಲಿ ಮೊದಲ ಗೇರಲ್ಲಿ ಒಂದು ಸುತ್ತು ಎಡಕ್ಕೆ, ಒಂದು ಸುತ್ತು ಬಲಕ್ಕೆ ಹೊಡೆದರೆ ಸಾಕು, ಗೊತ್ತಾಗಿಬಿಡುತ್ತದೆ. ಚಕ್ರ ಪೂರ್ತಿ ತಿರುಗಿಸಿ ನಿಲ್ಲಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೂಟ್ ಹರಿದಿದ್ದರೆ ರಿಮ್ ಒಳಗೆಲ್ಲ ಕಪ್ಪು ಗ್ರೀಸ್ ಹಾರಿರುತ್ತದೆ. ಟಕ್ ಟಕ್ ಇಲ್ಲ, ಬೂಟ್ ಹರಿದಿಲ್ಲ ಅಂದಮೇಲೆ ಎರಡೂ ಆಕ್ಸಲ್ ಯಾಕೆ ಬದಲಿಸಬೇಕು ಅಂತ ಅವರನ್ನೇ ಕೇಳಿ. ಬೂಟ್ ಈಗಷ್ಟೇ ಹರಿದು ಸದ್ದು ಶುರುವಾಗಿಲ್ಲದಿದ್ದರೆ, ಬೂಟ್ ಮತ್ತು ಗ್ರೀಸ್ ಬದಲಿಸಿದರೂ ಆಗುತ್ತದೆ, ಆದರೆ ಆವತ್ತೇ ಮಾಡಿಸಬೇಕು.

ಇದೆಲ್ಲಕ್ಕಿಂತ ಮೊದಲು ಒಂದು ಪುಕ್ಕಟೆ ಕೆಲಸ ಇದೆ. ಡಿಸ್ಕ್ ಬ್ರೇಕಿನ ಹಿಂದೆ ಒಂದು ತೆಳು ತಗಡು ಇರುತ್ತದೆ. ನಮ್ಮ ಮಣ್ಣು ರಸ್ತೆಯ ಜಲ್ಲಿ ಚೂರು ಅಲ್ಲಿ ಸಿಕ್ಕಿಕೊಂಡರೆ ಕರ್ರ್ ಅಂತ ಎಂಥಾ ಸದ್ದು ಬರುತ್ತದೆ ಅಂದರೆ ಚಕ್ರವೇ ಕಳಚಿತೇನೋ ಅನ್ನಿಸಬೇಕು. ನನ್ನದು ಒಮ್ಮೆ ಹಾಗಾದಾಗ ಸ್ಕ್ರೂ ಡ್ರೈವರಿನಲ್ಲಿ ತಗಡು ಸ್ವಲ್ಪ ಎಬ್ಬಿದೆ, ಕಡಲೆ ಕಾಳಿನಷ್ಟು ಕಲ್ಲು ಉದುರಿತು. ಅಷ್ಟೇ.

ನಡುಕಕ್ಕೂ ಹಾಗೇ ಒಂದು ಮಲೆನಾಡಿನ ಕಾರಣ ಇದೆ. ಕೆಂಪು ಮಣ್ಣು ರಿಮ್ ಒಳಗೆ ಮೆತ್ತಿಕೊಂಡು ಒಣಗಿದರೆ ಚಕ್ರದ ಬ್ಯಾಲೆನ್ಸ್ ಹೋಗುತ್ತದೆ, ಅರವತ್ತು ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ. ಪೈಪ್ ಹಿಡಿದು ಒಳಗಿಂದ ಚೆನ್ನಾಗಿ ತೊಳೆಯಿರಿ. ಇತ್ತೀಚೆಗೆ ಟೈರ್ ಬಿಚ್ಚಿ ಹಾಕಿಸಿದ್ದರೆ ನಟ್ ಬಿಗಿ ಇದೆಯಾ ನೋಡಿ, ಇದನ್ನು ಇವತ್ತೇ ನೋಡಿ. ಟೈರ್ ಏರುಪೇರಾಗಿ ಸವೆದಿದ್ದರೂ ಬೇರಿಂಗ್ ತರಹವೇ ಗುಂಯ್ ಅನ್ನುತ್ತದೆ. ಮುಂದಿನ ಚಕ್ರ ಹಿಂದಕ್ಕೆ ಹಾಕಿಸಿದಾಗ ಸದ್ದೂ ಹಿಂದಕ್ಕೆ ಹೋದರೆ ಅದು ಟೈರಿನದ್ದು.

ಇಲ್ಲಿ ಹಳೇ ಜೀಪು ಇಟ್ಟುಕೊಂಡವರಿಗೂ ಒಂದು ಮಾತು. ದೊಡ್ಡಪ್ಪನ ಮಗ ಅಡಿಕೆ ಮೂಟೆ ಹೇರಿಕೊಂಡು ಕೆಸರಲ್ಲಿ ನಾಲ್ಕೂ ಚಕ್ರ ಎಳೆಯಲಿ ಅಂತ ಫೋರ್ ವೀಲ್ ಹಾಕಿದವನು, ಟಾರ್ ರಸ್ತೆಗೆ ಬಂದರೂ ತೆಗೆಯಲಿಲ್ಲ. ಪ್ರತಿ ತಿರುವಲ್ಲೂ ಜೀಪು ಕುಪ್ಪಳಿಸುತ್ತದೆ, ಗೇರ್ ಬಾಕ್ಸ್ ಹೋಯ್ತು ಅಂತ ಫೋನ್ ಮಾಡಿದ. ತಿರುಗುವಾಗ ಮುಂದಿನ ಚಕ್ರ ಹಿಂದಿನದ್ದಕ್ಕಿಂತ ಜಾಸ್ತಿ ದೂರ ಓಡಬೇಕು. ಹಳೇ ಜೀಪಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರಗಳನ್ನೂ ಹಿಂದಿನ ಚಕ್ರಗಳನ್ನೂ ಒಂದಕ್ಕೊಂದು ಕಟ್ಟಿ ಹಾಕಿದಂತೆ. ಕೆಸರಲ್ಲಿ ಟೈರ್ ಜಾರಿ ಸರಿಹೋಗುತ್ತದೆ, ಒಣ ಟಾರಲ್ಲಿ ಜಾರುವುದಿಲ್ಲ. ಲಿವರ್ ಎಳೆದು ಫೋರ್ ವೀಲ್ ತೆಗೆದ, ಜೀಪು ಗುಣ ಆಯ್ತು.

ಗಾಡಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟೊಂಯ್ ಅಂದರೆ ಸಸ್ಪೆನ್ಷನ್ನಿನ ಮೇಲ್ತುದಿಯ ಬೇರಿಂಗ್ ನೋಡಿಸಿ. ಪೂರ್ತಿ ತಿರುಗಿಸಿ ಹಿಡಿದಾಗ ಕುಂಯ್ ಅಂದರೆ ಪವರ್ ಸ್ಟೇರಿಂಗ್ ಆಯಿಲ್. ಆದರೆ ಈಗಿನ ಸಣ್ಣ ಕಾರುಗಳಲ್ಲಿ ಜಾಸ್ತಿ ಇರುವುದು ಕರೆಂಟ್ ಮೋಟಾರಿನ ಸ್ಟೇರಿಂಗ್, ಅದಕ್ಕೆ ಆಯಿಲ್ಲೇ ಇಲ್ಲ. ನನ್ನ ಕಾರಿನದ್ದೂ ಅದೇ. ಹಾಗಿದ್ದೂ ಒಂದು ಕಡೆ ಪವರ್ ಸ್ಟೇರಿಂಗ್ ಆಯಿಲ್ ಅಂತ ಬಿಲ್ಲಲ್ಲಿ ಬರೆದಿದ್ದರು, ಎಲ್ಲಿಗೆ ಸುರಿದರೋ ದೇವರಿಗೇ ಗೊತ್ತು.

ನಿಮ್ಮ ಮದುವೆ ವಿಷಯಕ್ಕೆ ಬರುತ್ತೇನೆ. ಮೇಲೆ ಕೆಳಗೆ ಹಿಡಿದಾಗ ಚಕ್ರ ಆಡಿದರೆ ಘಾಟಿ ಇಳಿಯಲೇಬೇಡಿ, ಘಾಟಿ ಬುಡದ ಸೋಮೇಶ್ವರಕ್ಕೆ ಬಸ್ಸಲ್ಲೇ ಇಳಿಯಿರಿ. ಆಟ ಇಲ್ಲದಿದ್ದರೂ ಸದ್ದು ದಿನಾ ಜಾಸ್ತಿ ಆಗುತ್ತಿದೆ ಅನ್ನಿಸಿದರೆ ಮೊದಲು ರಿಪೇರಿ, ಆಮೇಲೆ ಮದುವೆ. ಬೇರಿಂಗೇ ಅಂತ ಖಾತ್ರಿಯಾದರೆ ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ ಮಷೀನ್ ಇರುವ ಕಡೆ ಹೋಗಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ ನೋಡಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಹೊಸದೂ ಬೇಗ ಹಾಳು. ಹಳೇ ಬೇರಿಂಗ್ ಕೈಗೆ ಕೊಡಿ ಅಂತ ಮೊದಲೇ ಹೇಳಿಡಿ. ಬೆರಳಲ್ಲಿ ತಿರುಗಿಸಿ ನೋಡಿ, ತುಕ್ಕು ನೀರು ಬಂತಾ, ಗರಗರ ಅಂತಾ, ಯಾವ ಕಡೆಯದ್ದು ಆಗಿತ್ತು ಅಂತ ಇಲ್ಲಿ ಬರೆಯಿರಿ. ನಾನು ಎಡಗಡೆ ಅಂದಿದ್ದೇನೆ.