‘ಮ್ಯೂಟ್’ಗೆ ಯಾವ ಪದ? ಲಿನಕ್ಸ್ ಧ್ವನಿದೋಷಗಳ ಕನ್ನಡದ ಬಗ್ಗೆ

ಮಾನ್ಯರೇ,

ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುವವರಿಗಾಗಿ ಧ್ವನಿದೋಷಗಳನ್ನು ಪತ್ತೆಹಚ್ಚುವ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಸೌಂಡ್ ಬರುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಹಲವು ಬೇರೆ ಬೇರೆ ಕಾರಣಗಳಿರುವುದರಿಂದ, ಪದಗಳು ಒಂದರೊಳಗೊಂದು ಬೆರೆತರೆ ಓದುಗರು ತಪ್ಪು ಕಡೆ ಹುಡುಕತೊಡಗುತ್ತಾರೆ. ಆದ್ದರಿಂದ ಕೆಲವು ಪದಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ‘ಮ್ಯೂಟ್’. ಧ್ವನಿಯ ಮಟ್ಟವನ್ನು ಹೊಂದಿಸುವ ಆಲ್ಸಾಮಿಕ್ಸರ್ ಎಂಬ ಪ್ರೋಗ್ರಾಮನ್ನು ತೆರೆದರೆ ಸ್ಪೀಕರ್, ಹೆಡ್‌ಫೋನ್ ಮೊದಲಾದ ಪ್ರತಿಯೊಂದು ಚಾನೆಲ್‌ಗೂ ಒಂದು ಕಂಬ, ಅದರ ಬುಡದಲ್ಲಿ ಒಂದು ಚಿಕ್ಕ ಚೌಕ ಕಾಣುತ್ತದೆ. ಚೌಕದಲ್ಲಿ ‘ಎಂಎಂ’ ಎಂದಿದ್ದರೆ ಚಾನೆಲ್ ಮ್ಯೂಟ್ ಆಗಿದೆ, ‘ಓಓ’ ಎಂದಿದ್ದರೆ ತೆರೆದಿದೆ. ಇಂಗ್ಲಿಷಿನ ಆ ಎರಡು ‘ಓ’ಗಳು ನೋಡಲು ಎರಡು ಸೊನ್ನೆಗಳಂತೆಯೇ ಇರುವುದರಿಂದ, ವಾಲ್ಯೂಮ್ ಸೊನ್ನೆಯಲ್ಲಿದೆ ಎಂದು ಹಲವರು ತಿಳಿಯುತ್ತಾರೆ. ಕಂಬ ಎಂಬತ್ತಕ್ಕೆ ಏರಿದ್ದರೂ ಚೌಕದಲ್ಲಿ ‘ಎಂಎಂ’ ಇದ್ದರೆ ಏನೂ ಕೇಳಿಸದು. ಬಾಣದ ಕೀಲಿಯಿಂದ ಕಂಬವನ್ನು ಇನ್ನಷ್ಟು ಏರಿಸಿ ಪ್ರಯೋಜನವಿಲ್ಲ, ‘ಎಂ’ ಕೀಲಿಯನ್ನೇ ಒತ್ತಬೇಕು. ಹೀಗಾಗಿ ‘ಧ್ವನಿ ತಗ್ಗಿಸು’, ‘ಧ್ವನಿ ಇಲ್ಲವಾಗಿಸು’ ಎಂಬ ಅನುವಾದಗಳು ಇಲ್ಲಿ ದಾರಿ ತಪ್ಪಿಸುತ್ತವೆ.

‘ಮೂಕಗೊಳಿಸು’ ಎಂದರೆ ಮತ್ತೆ ಮಾತೇ ಬಾರದ ಸ್ಥಿತಿ ಎನಿಸುತ್ತದೆ. ಅದು ಮನುಷ್ಯರ ಕೊರತೆಯೊಂದನ್ನು ಯಂತ್ರಕ್ಕೆ ಹೊರಿಸುವುದೂ ನನಗೆ ಹಿಡಿಸದು. ‘ಮೌನ’ ತಾನಾಗಿ ವಹಿಸುವಂಥದ್ದು. ‘ಸದ್ದಡಗಿಸು’ ಸೊಗಸಾದ ಪದವೇ, ಆದರೆ ಅದರ ವಿರುದ್ಧ ಕ್ರಿಯೆಗೆ ಸಹಜವಾದ ರೂಪ ಸಿಗುತ್ತಿಲ್ಲ. ‘ತಡೆ ಹಾಕು’, ‘ತಡೆ ತೆಗೆ’ ಎಂಬ ಜೋಡಿಯ ಕಡೆಗೆ ನನ್ನ ಒಲವಿದೆ. ಹೆಡ್‌ಫೋನ್ ಸಿಕ್ಕಿಸಿದೊಡನೆ ಸ್ಪೀಕರನ್ನು ತಾನಾಗಿ ನಿಲ್ಲಿಸುವ ‘ಆಟೊ-ಮ್ಯೂಟ್’ ಸೌಲಭ್ಯವನ್ನು ‘ತಾನೇತಡೆ’ ಎನ್ನಬಹುದು. ಹಳೆಯ ಯಂತ್ರಗಳಲ್ಲಿ ಜ್ಯಾಕ್ ಸವೆದು, ಹೆಡ್‌ಫೋನ್ ಇಲ್ಲದಿದ್ದರೂ ಇದೆಯೆಂದು ಯಂತ್ರವು ಭ್ರಮಿಸುವುದುಂಟು. ಆದ್ದರಿಂದ ಕೈಪಿಡಿಯಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ.

ಆದರೆ ‘ತಡೆ’ಗೆ ಇನ್ನೊಂದು ತೊಡಕಿದೆ. ನುಡಿಸಬೇಕಾದ ಧ್ವನಿಯನ್ನು ಮುಂಚಿತವಾಗಿ ತುಂಬಿಡುವ ತಾತ್ಕಾಲಿಕ ಸ್ಮೃತಿ, ಅಂದರೆ ಬಫರ್, ಬರಿದಾದಾಗ ಧ್ವನಿ ನಡುನಡುವೆ ತುಂಡಾಗುವುದನ್ನು ನಾವು ‘ತಡೆತಡೆದು ಬರುತ್ತಿದೆ’ ಎನ್ನುತ್ತೇವೆ. ಅಲ್ಲಿ ‘ತುಂಡುತುಂಡಾಗಿ’ ಎಂದು ಬದಲಿಸಿದರೆ ಸಾಕೇ?

ಈ ವಿಷಯದಲ್ಲಿ ನಮ್ಮ ಅನುಕರಣ ಪದಗಳು ಬಹಳ ಉಪಯುಕ್ತ. ಬಫರ್ ಸಾಲದಾದಾಗ ‘ಚಟಪಟ’, ವಾಲ್ಯೂಮ್ ಮಿತಿಮೀರಿ ಧ್ವನಿ ಅಲೆಯ ತಲೆ ಕತ್ತರಿಸಿಹೋದಾಗ ‘ಗೊರಗೊರ’, ವಿದ್ಯುತ್ತಿನ ಅರ್ತಿಂಗ್ ಸರಿಯಿಲ್ಲದಾಗ ಎಡೆಬಿಡದ ‘ಗುಂಯ್’ ಎಂದು ನಿಗದಿಮಾಡಿಕೊಂಡರೆ, ಬಳಕೆದಾರರು ಕಿವಿಗೆ ಕೇಳಿದ್ದನ್ನು ಹೇಳಿದ ಮಾತ್ರಕ್ಕೇ ಅರ್ಧ ಪತ್ತೆಕಾರ್ಯ ಮುಗಿದಂತೆ. ಇವು ಗ್ರಾಮ್ಯವೆಂದು ಕೈಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಕೊನೆಯದಾಗಿ, ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂಬ ಸಂದೇಶ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6 ಆವೃತ್ತಿ ಬಂದ 2003ಕ್ಕೆ ಮುನ್ನ ಓಎಸ್‌ಎಸ್ ಧ್ವನಿವ್ಯವಸ್ಥೆಯೇ ಚಾಲ್ತಿಯಲ್ಲಿದ್ದಾಗ, ಒಂದು ಪ್ರೋಗ್ರಾಮ್ ಸೌಂಡ್ ಕಾರ್ಡನ್ನು ಹಿಡಿದುಕೊಂಡರೆ ಸಾಮಾನ್ಯವಾಗಿ ಇನ್ನೊಂದಕ್ಕೆ ಅದು ಸಿಗುತ್ತಿರಲಿಲ್ಲ. ಅದರ ಜಾಗಕ್ಕೆ ಆಲ್ಸಾ ಎಂಬ ಧ್ವನಿವ್ಯವಸ್ಥೆ ಬಂದ ಮೇಲೂ ಕಾರ್ಡನ್ನು ನೇರವಾಗಿ ತೆರೆಯುವ ಹಳೆಯ ಪ್ರೋಗ್ರಾಮ್‌ಗಳಿಂದ ಇದೇ ತೊಂದರೆ ಬರುತ್ತದೆ. ‘ಸಾಧನವು ಕಾರ್ಯನಿರತವಾಗಿದೆ’ ಎಂದು ಬರೆದರೆ ಓದುಗರು ಸುಮ್ಮನೆ ಕಾಯುತ್ತಾರೆ. ಮಾಡಬೇಕಾದದ್ದು ಮಾತ್ರ ‘ಫ್ಯೂಸರ್’ ಆಜ್ಞೆಯಿಂದ ಹಿಡಿದವರು ಯಾರೆಂದು ತಿಳಿದು, ಆ ಪ್ರೋಗ್ರಾಮನ್ನು ಮುಚ್ಚುವುದು. ‘ಸಾಧನವನ್ನು ಇನ್ನೊಂದು ಪ್ರೋಗ್ರಾಮ್ ಹಿಡಿದುಕೊಂಡಿದೆ’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ನನ್ನ ಅಭಿಪ್ರಾಯ. ಇದಕ್ಕಿಂತ ಚಿಕ್ಕದಾದ, ಆದರೆ ಅರ್ಥ ಕೆಡದ ರೂಪ ಹೊಳೆದವರು ತಿಳಿಸಬೇಕಾಗಿ ವಿನಂತಿ.