ಅಮ್ಮನ ಅಡ್ರಿನಲ್ ಗಂಟಿಗೂ ಹಳೇ ಬಸಿರಿಗೂ ಏನ್ ಸಂಬಂಧ?

ತುಂಗಾತೀರ:
ಅಮ್ಮಂಗೆ ಮುಟ್ಟು ನಿಂತು ನಾಕೈದು ವರ್ಷ ಆಯ್ತು, ಈಗ ಮುಖ ಊದ್ಕೊಂಡು ಗುಂಡಗಾಗಿದೆ, ಬಿಪಿ ಶುಗರ್ ಎರಡೂ ಮೇಲೆ, ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿ ಬಿಡೋ ಒತ್ತಡದ ಹಾರ್ಮೋನ್) ಜಾಸ್ತಿ ಅಂತ ರಿಪೋರ್ಟ್ ಬಂತು, ಸಿಟಿ ಸ್ಕ್ಯಾನಲ್ಲಿ ಎರಡೂ ಕಡೆ ಅಡ್ರಿನಲ್ಲಲ್ಲಿ ಗಂಟು. ಕುಶಿಂಗ್ಸ್, ಅಂದ್ರೆ ಕಾರ್ಟಿಸಾಲ್ ಅತಿಯಾಗಿ ಬರೋ ಕಾಯಿಲೆ, ಅಂದ್ರು. ಅಷ್ಟು ಅರ್ಥ ಆಯ್ತು, ಆದ್ರೆ ಡಾಕ್ಟ್ರು "ಬಸುರಿ ಇದ್ದಾಗಲೂ ಹೀಗೇ ಆಗಿತ್ತಾ, ಹೆರಿಗೆ ಆದ್ಮೇಲೆ ಇಳೀತಾ" ಅಂತ ಕೇಳಿದ್ರು, ಅಮ್ಮ ಹೂಂ ಅಂದ್ಲು. ಕಿಡ್ನಿ ಮೇಲೆ ಕೂತಿರೋ ಗ್ರಂಥಿಗೆ ಬಸಿರಿನ ಸುದ್ದಿ ಯಾಕೆ?

ಎಂಡೋ_ಪಿಜಿ:
ಒಳ್ಳೇ ಪ್ರಶ್ನೆ ಕೇಳಿದಾರೆ ನಿಮ್ ಡಾಕ್ಟ್ರು, ಎಷ್ಟೋ ಜನ ಕೇಳೋದೇ ಇಲ್ಲ. ಕಾರ್ಟಿಸಾಲ್ ಬಿಡು ಅಂತ ಅಡ್ರಿನಲ್‌ಗೆ ಹೇಳೋದು ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯ ಎಸಿಟಿಎಚ್ ಹಾರ್ಮೋನ್. ಆದ್ರೆ ಭ್ರೂಣದಲ್ಲಿ ಅಡ್ರಿನಲ್ಲಿನ ಹೊರಪದರ ಕಾರ್ಟೆಕ್ಸೂ ಅಂಡಾಶಯನೂ ಒಂದೇ ಜೀವಕೋಶಗಳ ಗುಂಪಿಂದ ಕವಲೊಡೆದು ಬಂದಿರೋದು, ಹಾಗಾಗಿ ಅಂಡಾಶಯದಲ್ಲಿರೋ ಎಲ್‌ಎಚ್ ರಿಸೆಪ್ಟರ್ (ಎಲ್‌ಎಚ್ ಅಂದ್ರೆ ಅಂಡಾಶಯಕ್ಕೆ ಆಜ್ಞೆ ಕೊಡೋ ಪಿಟ್ಯುಟರಿ ಹಾರ್ಮೋನ್, ರಿಸೆಪ್ಟರ್ ಅಂದ್ರೆ ಜೀವಕೋಶದಲ್ಲಿ ಅದನ್ನ ಹಿಡಿಯೋ ಕೊಂಡಿ) ಅಡ್ರಿನಲ್ಲಲ್ಲೂ ಸ್ವಲ್ಪ ಇರುತ್ತೆ. ಈ ಥರ ಎರಡೂ ಕಡೆ ಗಂಟಾದ ಕೆಲವರಲ್ಲಿ ಅಡ್ರಿನಲ್ಲೇ ಎಲ್‌ಎಚ್ ಮಾತು ಕೇಳಿ ಕಾರ್ಟಿಸಾಲ್ ಸುರಿಯೋಕೆ ಶುರು ಮಾಡುತ್ತೆ. ಬಸಿರಲ್ಲಿ ಮಾಸು (ಪ್ಲಾಸೆಂಟಾ) ಬಿಡೋ ಎಚ್‌ಸಿಜಿ ಹಾರ್ಮೋನ್ ಅದೇ ರಿಸೆಪ್ಟರ್ ಹಿಡಿಯುತ್ತೆ, ಹೆರಿಗೆ ಆದ್ಮೇಲೆ ಅದು ಹೋಗುತ್ತೆ, ಊತನೂ ಇಳಿಯುತ್ತೆ. ಮುಟ್ಟು ನಿಂತ್ಮೇಲೆ ಎಲ್‌ಎಚ್ ಏರಿ ಮೇಲೇ ಉಳ್ಕೊಳ್ಳುತ್ತಲ್ಲ, ಆಗ ಕಾಯಿಲೆನೂ ಉಳ್ಕೊಳ್ಳುತ್ತೆ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ಲಲ್ಲಿ ಮಾಂಟ್ರಿಯಲ್‌ನ ಲಾಕ್ರೋವಾ ತಂಡ ಬರೆದ ಕೇಸು ಹೆಚ್ಚುಕಮ್ಮಿ ನಿಮ್ಮಮ್ಮನ ಕಥೆನೇ.

ಸುಮ್ನೆ_ಓದುಗ:
ಹಂಗಾದ್ರೆ ಬಸುರೀರಿಗೆಲ್ಲ ಕುಶಿಂಗ್ಸ್ ಬರ್ಬೇಕಿತ್ತಲ್ಲ ಸರ್? ನಮ್ಮನೇಲಿ ಊದದೇ ಇರೋರೇ ಇಲ್ಲ 😀

ಎಂಡೋ_ಪಿಜಿ:
ಇಲ್ಲ, ಎಲ್ಲರಲ್ಲೂ ಇರೋ ಆ ಸ್ವಲ್ಪ ರಿಸೆಪ್ಟರಿಂದ ಈ ಮಟ್ಟಕ್ಕೆ ಹೋಗಲ್ಲ, ಇದು ಅಪರೂಪ. ಬಸಿರಲ್ಲಿ ಕಾಲು ಊದೋದು ಬೇರೆ ವಿಷ್ಯ. ಕಾರ್ಟಿಸಾಲ್ ಒಂದೇ ಅಲ್ಲ, 2015ರಲ್ಲಿ ಅದೇ ಜರ್ನಲ್ಲಲ್ಲಿ ಅಲ್ಡೋಸ್ಟೆರೋನ್ (ಬಿಪಿ ಏರಿಸೋ ಇನ್ನೊಂದು ಅಡ್ರಿನಲ್ ಹಾರ್ಮೋನ್) ಸುರಿಸೋ ಗಂಟಿದ್ದ ಮೂವರು ಹೆಂಗಸರ ವರದಿ ಬಂತು, ಇಬ್ಬರಿಗೆ ಬಸಿರಲ್ಲಿ, ಒಬ್ಬರಿಗೆ ಮುಟ್ಟು ನಿಂತ್ಮೇಲೆ ಗೊತ್ತಾಗಿದ್ದು, ಆ ಗಂಟುಗಳಲ್ಲೂ ಇದೇ ರಿಸೆಪ್ಟರ್ ವಿಪರೀತ ಇತ್ತು.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಸರ್. ಹಂಗಾದ್ರೆ ಎರಡೂ ಅಡ್ರಿನಲ್ ತೆಗೆಯೋದು ತಪ್ಪುತ್ತಾ? ಅಮ್ಮ ಆಪರೇಷನ್ ಅಂದ್ರೆ ಅಳ್ತಾಳೆ.

ಎಂಡೋ_ಪಿಜಿ:
ಮೊದ್ಲು ಟೆಸ್ಟ್. ಎಲ್‌ಎಚ್ ಏರಿಸೋ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ಕೊಟ್ಟು ಕಾರ್ಟಿಸಾಲ್ ಏರುತ್ತಾ ನೋಡ್ತಾರೆ. 1999ರ ಕೇಸಲ್ಲಿ ಲ್ಯುಪ್ರೊಲೈಡ್ ಇಂಜೆಕ್ಷನ್ನಿಂದ ಎಲ್‌ಎಚ್ ಇಳಿಸಿದ್ಮೇಲೆ ಕಾರ್ಟಿಸಾಲ್ ಹತೋಟಿಗೆ ಬಂತು, ಎರಡೂ ಗ್ರಂಥಿ ತೆಗೆಯೋ ಆಪರೇಷನ್ ಬೇಕಾಗ್ಲಿಲ್ಲ. ಆದ್ರೆ ಆ ಇಂಜೆಕ್ಷನ್ ಕೊಟ್ಟ ಮೊದಲ ದಿನಗಳಲ್ಲಿ ಎಲ್‌ಎಚ್ ಇನ್ನೂ ಏರಿ ಆಮೇಲೆ ಇಳಿಯೋದು, ಆಗ ಬಿಪಿ ಶುಗರ್ ಮೇಲೆ ಕಣ್ಣಿಟ್ಟಿರಿ.