ಕಂಪನಿಯ ಪರ್ಮನೆಂಟ್ ಕೆಲಸ ಬಿಟ್ಟು ಮೋಟಾರ್ ರೀವೈಂಡಿಂಗ್ ಅಂಗಡಿ ತಗೊಳ್ಳಲಾ? (36 ವರ್ಷ, ಕೋಲಾರ)

ವೈಂಡಿಂಗ್ ಕೈ, ಕೋಲಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಐಟಿಐ ಎಲೆಕ್ಟ್ರಿಷಿಯನ್. ಓದು ಮುಗಿಸಿ ಕೋಲಾರದಲ್ಲೇ ಒಂದು ರೀವೈಂಡಿಂಗ್ ಅಂಗಡಿ ಸೇರಿದೆ. ಐದಾರು ವರ್ಷ ಅಲ್ಲೇ ಇದ್ದೆ. 2013ರಲ್ಲಿ ನರಸಾಪುರಕ್ಕೆ ಹೋಂಡಾ ಬಂತು. ಆ ಸುತ್ತ ಬಿಡಿಭಾಗ ಮಾಡುವ ಕಂಪನಿಗಳೂ ಬಂದವು. ಮರುವರ್ಷ ಅಂಥದ್ದೊಂದಕ್ಕೆ ಟ್ರೈನಿಯಾಗಿ ಹೋದೆ. ಕಂಪನಿ ಹೆಸರು ಬೇಡ ಬಿಡಿ. ಈಗ ಪರ್ಮನೆಂಟ್. ಕೈಗೆ 36 ಸಾವಿರ ಬರುತ್ತೆ. ಬಸ್ಸು, ಕ್ಯಾಂಟೀನ್, ಪಿಎಫ್, ದೀಪಾವಳಿ ಬೋನಸ್ಸು, ಅಮ್ಮನಿಗೂ ಸೇರಿ ಮೆಡಿಕ್ಲೈಮ್. ಅಮ್ಮನಿಗೆ ಶುಗರ್ ಇದೆ. ಮನೆ ಸಾಲದ ಕಂತು 13,500. ಮಗಳು ನಾಲ್ಕನೇ ಕ್ಲಾಸು.

ಕಂಪನಿ ಮೇಲೆ ನನಗೆ ದೂರಿಲ್ಲ. ಸಂಬಳ ಒಂದು ದಿನವೂ ತಡ ಆಗಿಲ್ಲ. ಆದರೆ ಮಾಡುವ ಕೆಲಸ ಹೇಗಿದೆ ಹೇಳುತ್ತೇನೆ ಕೇಳಿ. ನನ್ನ ಸ್ಟೇಷನ್ನಿಗೆ ಶಾಕ್ ಅಬ್ಸಾರ್ಬರ್ ಬರುತ್ತೆ. ಗನ್ ಇಡಬೇಕು, ನಟ್ ಬಿಗಿಯಬೇಕು. ಪರದೆ ಮೇಲೆ ಹಸಿರು ಬಂದರೆ ಮುಂದಕ್ಕೆ. ಕೆಂಪು ಬಂದರೆ ಪಕ್ಕದ ಕೆಂಪು ಡಬ್ಬಕ್ಕೆ. ಯಾಕೆ ಕೆಂಪು ಬಂತು ಅಂತ ನಾನು ಬಿಚ್ಚಿ ನೋಡುವ ಹಾಗಿಲ್ಲ. ಕ್ವಾಲಿಟಿಯವರು ಬಂದು ಒಯ್ಯುತ್ತಾರೆ. ಆಮೇಲೆ ಅದೇನಾಯಿತು ಅಂತ ನನಗೆ ಯಾರೂ ಹೇಳುವುದಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ.

ಅಂಗಡಿಯಲ್ಲಿ ಹಾಗಿರಲಿಲ್ಲ. ಸುಟ್ಟ ಸಬ್‌ಮರ್ಸಿಬಲ್ ಮೋಟಾರ್ ಬಂದರೆ ಮೊದಲು ಬಿಚ್ಚಿ ಸುರುಳಿ ನೋಡುತ್ತಿದ್ದೆವು. ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿ ಕರಕಲಾಗಿ, ಮೂರನೆಯದು ಹೊಸದಾಗೇ ಇದ್ದರೆ ಸಿಂಗಲ್ ಫೇಸಿಂಗ್, ಅಂದರೆ ಮೂರು ಫೇಸಿನಲ್ಲಿ ಒಂದು ಕೈಕೊಟ್ಟಿದೆ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ಫ್ಯೂಸ್ ಹಾರಿರುತ್ತೆ. ಮೂರೂ ಒಂದೇ ಸಮ ಸುಟ್ಟಿದ್ದರೆ ಪಂಪು ಹಿಡಿದುಕೊಂಡಿದೆ, ಅಥವಾ ವೋಲ್ಟೇಜ್ ಸಾಲದೆ ಎಳೆದಾಡಿದೆ. ತಳದಲ್ಲಿ ಭಾರ ಹೊರುವ ಥ್ರಸ್ಟ್ ಪ್ಯಾಡ್ ಸವೆದಿದ್ದರೆ ಬೋರಿನಲ್ಲಿ ಮರಳು ಬರುತ್ತಿದೆ, ಇಲ್ಲ ನೀರಿಲ್ಲದೆ ಓಡಿದೆ. ಬಿಚ್ಚಿದ ಹತ್ತು ನಿಮಿಷಕ್ಕೆ ಆ ತೋಟದಲ್ಲಿ ಏನಾಗಿದೆ ಅಂತ ಹೇಳಬಹುದಿತ್ತು. ರೈತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಆಮೇಲೆ ಹಳೇ ವೈರ್ ಕತ್ತರಿಸಿ ತೆಗೆದು, ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರನ್ನು ಸ್ಲಾಟಿನೊಳಗೆ ಒಂದೊಂದೇ ಎಳೆಯಬೇಕು. ಹೊದಿಕೆ ಎಲ್ಲಾದರೂ ಗೀರಿದರೆ ಮುಗಿಯಿತು, ಒಳಗೆ ನೀರೇ ತುಂಬಿರುತ್ತೆ ಅಲ್ವಾ. ಮುಗಿದ ಮೇಲೆ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಸೋರುತ್ತಾ ಅಂತ ನೋಡಲು ಮೆಗ್ಗರ್ ಹಾಕುವುದು. ಓಡಿಸಿ ಕ್ಲ್ಯಾಂಪ್ ಮೀಟರ್ ಹಿಡಿಯುವುದು. ಮೂರೂ ಫೇಸಿನಲ್ಲಿ ಆಂಪಿಯರ್ ಒಂದೇ ಸಮ ತೋರಿಸಿದಾಗ ಆಗುವ ಖುಷಿ ನನಗೆ ಕಂಪನಿಯಲ್ಲಿ ಯಾವತ್ತೂ ಸಿಕ್ಕಿಲ್ಲ. ಅವಾರ್ಡ್ ಕೊಟ್ಟ ದಿನವೂ ಸಿಕ್ಕಿಲ್ಲ.

ಈಗ ವಿಷಯ ಏನಂದರೆ, ಆ ಅಂಗಡಿ ಯಜಮಾನರಿಗೆ ವಯಸ್ಸಾಗಿದೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು, ಈ ಕಡೆ ತಿರುಗಿಯೂ ನೋಡುವುದಿಲ್ಲ. 'ನೀನು ತಗೋ, ಬೇರೆಯವರಿಗೆ ಕೊಡಲು ಮನಸ್ಸಿಲ್ಲ' ಅನ್ನುತ್ತಿದ್ದಾರೆ. ವೈಂಡಿಂಗ್ ಮಷೀನು, ಟೆಸ್ಟಿಂಗ್ ತೊಟ್ಟಿ, ಲೇತು, ಮೋಟಾರ್ ಎತ್ತುವ ಗಾಡಿ ಎಲ್ಲ ಸೇರಿ 6 ಲಕ್ಷ ಕೇಳಿದ್ದಾರೆ. ಬಾಡಿಗೆ 9 ಸಾವಿರ. ಬೇಸಿಗೆಯಲ್ಲಿ ತಿಂಗಳಿಗೆ 70 ಸಾವಿರದವರೆಗೂ ಉಳಿಯುತ್ತಂತೆ. ಮಳೆ ಚೆನ್ನಾಗಿ ಹಿಡಿದರೆ 15 ಸಾವಿರಕ್ಕೂ ಪರದಾಟ.

ಹೆಂಡತಿ ಒಂದೇ ಮಾತು ಕೇಳಿದಳು. 'ನಿಮಗೆ ಖುಷಿ ಬೇಕು ಸರಿ, ಅಮ್ಮನ ಆಸ್ಪತ್ರೆ ಬಿಲ್ಲು ಯಾರು ಕಟ್ಟುತ್ತಾರೆ?' ಉತ್ತರ ಇಲ್ಲ ನನ್ನ ಹತ್ತಿರ. ಹಾಗಂತ 58 ತುಂಬುವವರೆಗೆ ಹಸಿರು ದೀಪ ನೋಡಿಕೊಂಡು ಕೂರುವುದು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತೆ. ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ಹೇಳಿ. ಸುಮ್ನೆ 'ಮನಸ್ಸು ಹೇಳಿದ್ದು ಮಾಡು' ಅನ್ನಬೇಡಿ ದಯವಿಟ್ಟು.

ಮಾಲೂರು ಪಂಪ್‌ಸೆಟ್:

ನಾನು ಮಾಡಿದ್ದೇನೆ. ಕಂಪನಿ ಬಿಟ್ಟು ಬಂದವನೇ. ಈಗ ಸ್ವಂತ ಅಂಗಡಿ, ಇಬ್ಬರು ಹುಡುಗರಿದ್ದಾರೆ.

ಕೆಲಸ ನಿನಗೆ ಗೊತ್ತಿದೆ, ಅದರ ಬಗ್ಗೆ ಮಾತಾಡಲ್ಲ. ನಮ್ಮ ಲೈನಿನಲ್ಲಿ ಕೆಲಸ ಬರದೆ ಅಂಗಡಿ ಮುಚ್ಚಿದವರು ಕಮ್ಮಿ. ಉದ್ರಿಯಲ್ಲಿ ಮುಳುಗಿದವರೇ ಜಾಸ್ತಿ. ತೋಟದಲ್ಲಿ ಟೊಮೇಟೊ ನಿಂತಿರುತ್ತೆ, ಮೋಟಾರ್ ಸುಟ್ಟಿರುತ್ತೆ, ಎರಡು ದಿನ ನೀರಿಲ್ಲ ಅಂದರೆ ಬೆಳೆ ಹೋಯಿತು. ಆ ರೈತ ಬಂದು ಕೈ ಮುಗಿದರೆ ದುಡ್ಡು ಮೊದಲು ಇಡು ಅಂತ ಹೇಗೆ ಹೇಳುತ್ತೀಯ? ತಾಮ್ರದ ವೈರ್ ನೀನು ನಗದು ಕೊಟ್ಟು ತರಬೇಕು. ಅವನು ಮಂಡಿಯಲ್ಲಿ ರೇಟ್ ಬಂದಾಗ ಕೊಡುತ್ತಾನೆ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆ ತಿಂಗಳು ನಾನು ಮರೆತೇಬಿಟ್ಟಿದ್ದ ಬಾಕಿಯೆಲ್ಲ ಮನೆ ಬಾಗಿಲಿಗೆ ಬಂತು. ಒಬ್ಬ ಸ್ವೀಟ್ ಬಾಕ್ಸೂ ತಂದಿದ್ದ. ಆದರೆ ಟೊಮೇಟೊ ರಸ್ತೆಗೆ ಸುರಿಯುವ ವರ್ಷ ಯಾರ ಮುಖವೂ ಕಾಣಲ್ಲ. ಅವರ ತಪ್ಪೂ ಅಲ್ಲ.

ಇನ್ನೊಂದು. ಯಜಮಾನರು ಹೇಳುವ 70 ಸಾವಿರ ಹಳೇ ಲೆಕ್ಕ ಇರಬಹುದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣದ ಜಗಳ ಬೇರೆ ಕಥೆ, ಅದು ಇಲ್ಲಿ ಬೇಡ. ಕೆರೆ ತುಂಬಿದ ಕಡೆ ಸತ್ತ ಬೋರ್‌ಗಳಲ್ಲಿ ಮತ್ತೆ ನೀರು ಬಂದಿದೆ. ಸಾವಿರ ಅಡಿಯಿಂದ ಮೋಟಾರ್ ಎತ್ತುವ ಕೆಲಸ ನನಗಂತೂ ಅಲ್ಲಿ ಕಮ್ಮಿಯಾಗಿದೆ. ಮೇಲೆ ಸರ್ಕಾರದ ಕುಸುಮ್ ಯೋಜನೆಯ ಸೋಲಾರ್ ಪಂಪು ಬರುತ್ತಿವೆ. ಅದಕ್ಕೆ ಐದು ವರ್ಷ ಹಾಕಿದವರದ್ದೇ ಸರ್ವಿಸ್, ನಮಗೆ ಏನೂ ಇಲ್ಲ. ಅಷ್ಟರೊಳಗೆ ಅದರ ಕಂಟ್ರೋಲರ್ ಕಲಿತುಕೋ. ಬರೀ ವೈರ್ ಎಳೆಯುವುದನ್ನೇ ನಂಬಿಕೊಂಡು 6 ಲಕ್ಷ ಹಾಕಬೇಡ.

ಖುಷಿ ಇದೆಯಾ ಅಂದರೆ, ಇದೆ. ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಬಂದಾಗ ಫೋನ್ ಬರುತ್ತಲ್ಲ, ಆವಾಗ ಇರಲ್ಲ.

ಲೆಕ್ಕದ ಅಕ್ಕ:

ನಾನು ಒಂದು ಕಾರ್ಖಾನೆಯ ಪೇರೋಲ್‌ನಲ್ಲಿ ಕೆಲಸ ಮಾಡುತ್ತೇನೆ. ರಾಜೀನಾಮೆ ಪತ್ರ ನನ್ನ ಮೇಜಿಗೇ ಬರುವುದು. ಹೆಚ್ಚಿನವರು ಏನು ಬಿಟ್ಟು ಹೋಗುತ್ತಿದ್ದೇವೆ ಅಂತ ಗೊತ್ತಿಲ್ಲದೇ ಬಿಡುತ್ತಾರೆ. ಇನ್ನು ಕೆಲವರು ಏನೋ ಭಾರೀ ಕಳೆದುಕೊಳ್ಳುತ್ತೇವೆ ಅಂದುಕೊಂಡು ಸುಮ್ನೆ ಕೂತಿರುತ್ತಾರೆ. ಹಾಗಾಗಿ ಲೆಕ್ಕ ನೋಡೋಣ.

ನಿಮ್ಮ ಬೇಸಿಕ್ಕು, ಡಿಎ ಸೇರಿ 24 ಸಾವಿರ ಅಂತ ಇಟ್ಟುಕೊಳ್ಳಿ. ನಿಮ್ಮ ಪಿಎಫ್ 12 ಪರ್ಸೆಂಟ್, ಅಂದರೆ 2,880. ಕಂಪನಿಯೂ ಅಷ್ಟೇ ಹಾಕುತ್ತೆ. ಆದರೆ ಅದರಲ್ಲಿ 1,250 ಪೆನ್ಷನ್ ಖಾತೆಗೆ ಹೋಗುತ್ತೆ. ನೀವು 11 ವರ್ಷ ಮುಗಿಸಿದ್ದೀರಿ, ಪೆನ್ಷನ್‌ಗೆ ಬೇಕಾದ 10 ವರ್ಷ ದಾಟಿದೆ. ಇವತ್ತು ಬಿಟ್ಟರೂ 58ಕ್ಕೆ ಪೆನ್ಷನ್ ಬರುತ್ತೆ. ಎಷ್ಟು? ಪೆನ್ಷನ್ ಲೆಕ್ಕಕ್ಕೆ ಸಂಬಳ 15,000ದವರೆಗೆ ಮಾತ್ರ ಹಿಡಿಯುತ್ತಾರೆ. 15,000 ಗುಣಿಸು 11, ಭಾಗಿಸು 70. ತಿಂಗಳಿಗೆ 2,357. ನಗಬೇಡಿ, ಪೂರ್ತಿ 58ರವರೆಗೆ ಇದ್ದರೂ ಈಗಿನ ನಿಯಮದಲ್ಲಿ ಅದು ಸುಮಾರು 7,500 ಆಗುತ್ತೆ, ಅಷ್ಟೇ. ಪೆನ್ಷನ್ ಆಸೆಗೆ ಇನ್ನೂ 22 ವರ್ಷ ಕೂರುತ್ತೇನೆ ಅನ್ನುವುದರಲ್ಲಿ ಅರ್ಥ ಇಲ್ಲ.

ಗ್ರಾಚ್ಯುಟಿ 24,000 ಗುಣಿಸು 15, ಭಾಗಿಸು 26, ಗುಣಿಸು 11. ಸುಮಾರು ಒಂದೂವರೆ ಲಕ್ಷ. ಅದು ನಿಮ್ಮ ಹಕ್ಕು, ಬಿಟ್ಟ 30 ದಿನದೊಳಗೆ ಕೊಡಬೇಕು. ಪಿಎಫ್ ದುಡ್ಡನ್ನು ಮಾತ್ರ ಅಂಗಡಿಗೆ ಹಾಕಬೇಡಿ. ಮುಟ್ಟದೆ ಬಿಟ್ಟರೂ ಬಡ್ಡಿ ಬೀಳುತ್ತೆ. 2024-25ಕ್ಕೆ 8.25 ಪರ್ಸೆಂಟ್ ಕೊಟ್ಟಿದ್ದಾರೆ.

ಇನ್ನು ನಿಜವಾಗಿ ಕಳೆದುಕೊಳ್ಳುವುದು. ಕೆಲಸದಲ್ಲಿ ಇರುವಾಗ ನಿಮಗೇನಾದರೂ ಆದರೆ ಪಿಎಫ್ ಜೊತೆಗಿನ ವಿಮೆಯಲ್ಲಿ ಮನೆಯವರಿಗೆ 7 ಲಕ್ಷದವರೆಗೆ ಸಿಗುತ್ತೆ. ಬಿಟ್ಟ ಮೇಲೆ ಅದು ಇಲ್ಲ. ಒಂದು ಟರ್ಮ್ ಪಾಲಿಸಿ ಮಾಡಿಸಿ. ಸ್ಯಾಲರಿ ಸ್ಲಿಪ್ ಇಲ್ಲದೆ ಬ್ಯಾಂಕಿನವರು ಎರಡು ಮೂರು ವರ್ಷದ ಐಟಿ ರಿಟರ್ನ್ ಕೇಳುತ್ತಾರೆ. ಸಾಲ ಬೇಕಿದ್ದರೆ ಈಗಲೇ ಯೋಚಿಸಿ.

ಎಲ್ಲಕ್ಕಿಂತ ದೊಡ್ಡದು ನಿಮ್ಮ ತಾಯಿಯ ಮೆಡಿಕ್ಲೈಮ್. ನಿಮ್ಮ ಹೆಂಡತಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಹೊಸ ಪಾಲಿಸಿ ತಗೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ರಾಜೀನಾಮೆ ಕೊಡುವ ಮೊದಲೇ ಎಚ್‌ಆರ್ ಹತ್ತಿರ ಗ್ರೂಪ್ ಪಾಲಿಸಿಯ ವಿವರ ತಗೊಳ್ಳಿ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತಾ, ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವಾ ಅಂತ ಬರವಣಿಗೆಯಲ್ಲಿ ಕೇಳಿ. ಬಿಟ್ಟ ಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ. ಎಚ್‌ಆರ್ ಪಕ್ಕದಲ್ಲೇ ಕೂರುವವಳು ಹೇಳುತ್ತಿದ್ದೇನೆ, ನಂಬಿ.

'ಸ್ವಲ್ಪ ದಿನ ಪಾರ್ಟ್ ಟೈಮ್ ಅಂಗಡಿಗೆ ಹೋಗಿ ನೋಡು' ಅಂತ ಯಾರಾದರೂ ಹೇಳಬಹುದು. ಅದಕ್ಕೆ ಮೊದಲು ನಿಮ್ಮ ನೇಮಕಾತಿ ಪತ್ರ ಓದಿ. ಬೇರೆ ಕಡೆ ದುಡಿಯಬಾರದು ಅಂತ ಸಾಮಾನ್ಯವಾಗಿ ಇದ್ದೇ ಇರುತ್ತೆ.

ಮಾರಿಕುಪ್ಪಂ ಪ್ಯಾಸೆಂಜರ್:

ಪರ್ಮನೆಂಟ್ ಅಂದರೆ ನಮ್ಮ ಕೆಜಿಎಫ್‌ನಲ್ಲಿ ಜನ ನಗುತ್ತಾರೆ. ನಮ್ಮಪ್ಪ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಇದ್ದವರು. ಕ್ವಾರ್ಟರ್ಸ್, ಆಸ್ಪತ್ರೆ ಎಲ್ಲ ಕಂಪನಿಯದ್ದೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅವರು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಬೆಳಿಗ್ಗೆ ರೈಲು ಹತ್ತಲು ಶುರು ಮಾಡಿದರು. ಈಗ ನಾನೂ ಅದೇ ರೈಲು ಹತ್ತುತ್ತೇನೆ. ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತೇನೆ. ಸಂಬಳ ನಿಮಗಿಂತ ಜಾಸ್ತಿ. ಮಗ ಏಳುವ ಮೊದಲು ಮನೆ ಬಿಡುತ್ತೇನೆ, ಬರುವಷ್ಟರಲ್ಲಿ ಮಲಗಿರುತ್ತಾನೆ. ನನಗೆ ಪಶ್ಚಾತ್ತಾಪ ಇರುವುದು ಇದೊಂದರ ಬಗ್ಗೆ, ಕೆಲಸದ ಬಗ್ಗೆ ಅಲ್ಲ.

ನಿಮಗೆ ಕೈಯಲ್ಲಿ ಒಂದು ವಿದ್ಯೆ ಇದೆ. ಅಪ್ಪನಿಗೆ ಇದ್ದ ವಿದ್ಯೆ ಸುರಂಗದ ಒಳಗೆ ಮಾತ್ರ ನಡೆಯುತ್ತಿತ್ತು. ಮೇಲೆ ಬಂದರೆ ಅದನ್ನು ಕೊಳ್ಳುವವರಿರಲಿಲ್ಲ. ಇದನ್ನು ಮಾತ್ರ ಹೇಳಬೇಕು ಅನ್ನಿಸಿತು.

ಮುಳಬಾಗಿಲು ಸೊಸೆ:

ಯಾರೂ ಕೇಳಲಿಲ್ಲ, ಅದಕ್ಕೆ ಕೇಳುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ಮನೆ ನಡೆಸುವವರು ಯಾರು? ನಮ್ಮ ಯಜಮಾನರೂ ಖುಷಿಯ ಕೆಲಸ ಅಂತ ಸ್ವಂತ ಅಂಗಡಿ ಇಟ್ಟರು. ಖುಷಿ ಅವರಿಗೆ, ಚೀಟಿ ಕಟ್ಟುವುದು ನನಗೆ. ಹೆಂಡತಿಗೂ ಅಂಗಡಿ ಲೆಕ್ಕದ ಪುಸ್ತಕ ತೋರಿಸಿ. ಆಮೇಲೆ ತೀರ್ಮಾನ ಮಾಡಿ.

ವೈಂಡಿಂಗ್ ಕೈ, ಕೋಲಾರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ಯಜಮಾನರು ಮೊದಲು ಸ್ವಲ್ಪ ಮುಜುಗರ ಮಾಡಿಕೊಂಡರು, ಆಮೇಲೆ ಪುಸ್ತಕ ಕೊಟ್ಟರು. ಅವಳು ಪುಟ ತಿರುವಿ ಪೆನ್ಸಿಲಿನಲ್ಲಿ ಕೂಡಿದಳು. ಉದ್ರಿಯೇ 3 ಲಕ್ಷ 80 ಸಾವಿರ. ಮಾಲೂರಿನ ಅಣ್ಣ ಹೇಳಿದ್ದು ಸರಿ, ಕಳೆದ ಎರಡು ಬೇಸಿಗೆ 70 ಮುಟ್ಟಿಲ್ಲ, 50ರ ಆಸುಪಾಸು ಇದೆ.

ಮನೆಯಲ್ಲಿ ಹೀಗೆ ಮಾತಾಗಿದೆ. ಮೊದಲು ಅಮ್ಮನ ಪಾಲಿಸಿ. ಅದು ಕೈಗೆ ಬರುವವರೆಗೆ ರಾಜೀನಾಮೆ ಇಲ್ಲ. ಆರು ತಿಂಗಳ ಮನೆ ಕಂತು ಬೇರೆ ಖಾತೆಯಲ್ಲಿ ಇಡಬೇಕು, ಅದನ್ನು ಅವಳೇ ನೋಡಿಕೊಳ್ಳುತ್ತಾಳೆ. ಇವೆರಡೂ ಆದರೆ ಯುಗಾದಿಗೆ ಮೊದಲು ಬಿಡುವುದು, ಬೇಸಿಗೆ ಸೀಸನ್ ಸಿಗುತ್ತೆ. ಪಾಲಿಸಿ ಆಗಲಿಲ್ಲ ಅಂದರೆ ಇಲ್ಲ. ಯಜಮಾನರು ಅಲ್ಲಿಯವರೆಗೆ ಕಾಯುತ್ತೇನೆ ಅಂದಿದ್ದಾರೆ. ಮೇಂಟೆನೆನ್ಸ್ ಡಿಪಾರ್ಟ್‌ಮೆಂಟಿಗೆ ಹಾಕಿಕೊಡಿ ಅಂತ ಕಂಪನಿಯಲ್ಲೂ ಒಂದು ಮಾತು ಕೇಳುತ್ತೇನೆ. ಡಿಪ್ಲೊಮಾ ಇಲ್ಲ ಅಂತ ಹಿಂದೆ ಕಳಿಸಿದ್ದರು, ಈಗಲೂ ಅದನ್ನೇ ಹೇಳುತ್ತಾರೆ ಅನ್ನಿ.

ಒಂದು ಅನುಮಾನ ಉಳಿದಿದೆ. ಅಂಗಡಿ ಹಿಂದೆ ಗೋಡೆ ಪಕ್ಕ ರಿಪೇರಿ ಆಗಿ ಬಿದ್ದಿರುವ ಮೋಟಾರ್‌ಗಳು ರಾಶಿ ಇವೆ. ಬೋರ್ ಬತ್ತಿದ ಮೇಲೆ ಯಾರೂ ಒಯ್ಯಲು ಬಂದಿಲ್ಲ. ಕೆಲವಕ್ಕೆ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆದಿದೆ, ಅರ್ಧ ಅಳಿಸಿದೆ. ತಾಮ್ರದ ಬೆಲೆ ಹಿಡಿದು ಅದನ್ನೂ 6 ಲಕ್ಷದೊಳಗೆ ಸೇರಿಸಿದ್ದಾರೆ. ಉದ್ರಿಯನ್ನೂ ನೀನೇ ವಸೂಲಿ ಮಾಡಿಕೋ ಅನ್ನುತ್ತಾರೆ. ಇದು ಸರಿನಾ?

ಮಾಲೂರು ಪಂಪ್‌ಸೆಟ್:

ಉದ್ರಿ ಅವರದ್ದು. ವಸೂಲಾದಾಗ ಅರ್ಧ ಅರ್ಧ ಅಂತ ಮಾತಾಡು, ಈಗಲೇ ದುಡ್ಡು ಕೊಟ್ಟು ಕೊಳ್ಳಬೇಡ. ಮೋಟಾರ್ ರೈತನ ಮಾಲು, ಅದಕ್ಕೆ ನೀನು ಪೈಸೆ ಕೊಡಬೇಕಿಲ್ಲ. ಒಂದೊಂದರದ್ದೂ ನೇಮ್ ಪ್ಲೇಟ್ ಫೋಟೊ ತೆಗೆದು, ಸೀರಿಯಲ್ ನಂಬರ್, ಊರು ಬರೆದು ಯಜಮಾನರ ಸಹಿ ಹಾಕಿಸು. ಗುಜರಿಗೆ ಹಾಕಿದ ಮಾರನೇ ದಿನವೇ ಬೋರಿಗೆ ನೀರು ಬಂತು ಅಂತ ಅವನು ಟ್ರ್ಯಾಕ್ಟರ್ ತಂದು ನಿಲ್ಲಿಸುತ್ತಾನೆ. ಅದೆಲ್ಲ ಕಳೆದು ಲೆಕ್ಕ ಹಾಕಿದರೆ ನಾಲ್ಕೂವರೆ ಮೇಲೆ ಹೋಗಬೇಡ. ಗಾಡಿಯ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವಾಗ ಮುಗಿಯುತ್ತೆ ನೋಡಿದೆಯಾ?